ಗೋಡೆಯ ಮೇಲಿನ ಅಪ್ಪ ಮುನಿಸಿಕೊಂಡಂತೆ ಕಾಣುವುದೇಕೆ?

ಪ್ರಶ್ನೆ (ತಿಪಟೂರು ಕಡೆಯ ಓದುಗರೊಬ್ಬರಿಂದ):

"ಡಾಕ್ಟರೇ, ನಮ್ಮ ತಂದೆ ತೀರಿಕೊಂಡು ಎಂಟು ತಿಂಗಳಾಯಿತು. ವೈಕುಂಠ ಸಮಾರಾಧನೆಯ ಹೊತ್ತಿಗೆ ಅವರದೊಂದು ಒಳ್ಳೆಯ ಫೋಟೋ ಸಿಗಲಿಲ್ಲ. ಅಕ್ಕನ ಮಗಳ ಮದುವೆಯ ಗ್ರೂಪ್ ಫೋಟೋ ವಾಟ್ಸಾಪ್‌ನಲ್ಲಿತ್ತು. ಅದನ್ನೇ ಸ್ಟುಡಿಯೋಗೆ ಕಳಿಸಿ, ಅಪ್ಪನನ್ನು ಮಾತ್ರ ಕಟ್ ಮಾಡಿಸಿ, ಹಿಂದೆ ಗಾಢ ನೀಲಿ ಹಾಕಿಸಿ, 12×15 ಇಂಚಿನ ಫ್ರೇಮ್ ಕಟ್ಟಿಸಿದೆವು. ಈಗ ಅದು ನಡುಮನೆಯ ಗೋಡೆಯ ಮೇಲಿದೆ, ಗಂಧದ ಹಾರ, ಕೆಳಗೊಂದು ಕೆಂಪು ಬಲ್ಬು. ಮದುವೆ ಫೋಟೋದಲ್ಲಿ ಅಪ್ಪ ಖುಷಿಯಾಗಿದ್ದಾರೆ. ಅದೇ ಮುಖ ಗೋಡೆಯ ಮೇಲೆ ಬೇಜಾರಾದ ಹಾಗೆ, ಮುನಿಸಿಕೊಂಡ ಹಾಗೆ ಕಾಣುತ್ತದೆ. ಸಂಜೆ ಆದಮೇಲಂತೂ ಎಲ್ಲಿ ನಿಂತರೂ ನನ್ನನ್ನೇ ನೋಡುತ್ತಾರೆ. ಮೂರು ತಿಂಗಳ ಹಿಂದೆ ಸಾಲ ತೀರಿಸಲು ಒಂದೂವರೆ ಎಕರೆ ತೆಂಗಿನ ತೋಟ ಮಾರಿದೆವು. 'ಅದಕ್ಕೇ ಕಣೋ ನಿಮ್ಮಪ್ಪ ಹಿಂಗೆ ನೋಡ್ತಿರೋದು' ಅಂತ ಅಮ್ಮ ಫೋಟೋ ಮುಂದೆ ಕೂತು ಅಳುತ್ತಾರೆ. ಒಬ್ಬರು ಬಂದು ಫೋಟೋ ನೋಡಿ, ಶಾಂತಿ ಮಾಡಿಸಬೇಕು ಅಂತ ದೊಡ್ಡ ಖರ್ಚು ಹೇಳಿ ಹೋಗಿದ್ದಾರೆ. ಸ್ಟುಡಿಯೋದವರು ಮುಖ ಕೆಡಿಸಿದರೇ, ಇಲ್ಲ ನನ್ನ ಮನಸ್ಸೇ ಕೆಟ್ಟಿದೆಯೇ? ಫೋಟೋ ಬದಲಿಸಿದರೆ ಅಮ್ಮನಿಗೆ ನೋವಾಗುವುದಿಲ್ಲವೇ?"

ಉತ್ತರ:

ನಿಮ್ಮ ಮನಸ್ಸು ಕೆಟ್ಟಿಲ್ಲ. ನಿಮಗೂ ಅಮ್ಮನಿಗೂ ಕಾಣುತ್ತಿರುವ ಮುನಿಸು ಕಣ್ಣಿಗೆ ನಿಜವಾಗಿಯೇ ಕಾಣುತ್ತಿದೆ. ಅದಕ್ಕೆ ಕೊಟ್ಟುಕೊಂಡಿರುವ ಕಾರಣ ಮಾತ್ರ ತಪ್ಪು. ಮುಖದ ಭಾವವನ್ನು ನಾವು ಮುಖವೊಂದರಿಂದಲೇ ತಿಳಿಯುತ್ತೇವೆ ಅಂದುಕೊಂಡಿರುತ್ತೇವೆ. ಆದರೆ ಪಕ್ಕದಲ್ಲಿ ಯಾರಿದ್ದಾರೆ, ಹಿಂದೆ ಏನಿದೆ, ಯಾವ ಬೆಳಕು ಬಿದ್ದಿದೆ, ನೋಡುವವರ ಮನಸ್ಸಿನಲ್ಲಿ ಯಾವ ಮಾತು ಕೊರೆಯುತ್ತಿದೆ, ಇಷ್ಟೂ ಸೇರಿಯೇ ಭಾವ ಹುಟ್ಟುವುದು. ನೀವು ಅಪ್ಪನ ಮುಖವನ್ನು ಮದುವೆಮನೆಯಿಂದ ಎತ್ತಿ ತಂದು ಸಾವಿನ ಸುತ್ತಲಿನಲ್ಲಿ ಇಟ್ಟಿದ್ದೀರಿ. ಆ ಮುಖ ಬೇರೆಯಾಗಿ ಕಾಣದಿದ್ದರೇ ಆಶ್ಚರ್ಯ.

ಮೊದಲು ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ಗ್ರೂಪ್ ಫೋಟೋವನ್ನು ಫೋನಿನಲ್ಲಿ ಹಿಗ್ಗಿಸಿ ಅಪ್ಪನ ಮುಖ ಮಾತ್ರ ಉಳಿಯುವಂತೆ ಕತ್ತರಿಸಿ: ಮೇಲೆ ಕೂದಲಿನ ಅಂಚು, ಕೆಳಗೆ ಗದ್ದ, ಅಕ್ಕಪಕ್ಕ ಕಿವಿ. ಇನ್ನು ಗೋಡೆಯ ಫ್ರೇಮನ್ನು ಹಗಲು ಹೊತ್ತಿನಲ್ಲಿ ಕೆಳಗಿಳಿಸಿ, ಹಾರ ತೆಗೆದು, ಗಾಜಿನಲ್ಲಿ ಕಿಟಕಿ ಪ್ರತಿಫಲಿಸದಂತೆ ಇಟ್ಟು, ನೇರ ಎದುರಿನಿಂದ ಫೋಟೋ ತೆಗೆಯಿರಿ. ಅದನ್ನೂ ಅಷ್ಟೇ ಅಳತೆಗೆ ಕತ್ತರಿಸಿ ಎರಡನ್ನೂ ಕಪ್ಪು-ಬಿಳುಪು ಮಾಡಿ. ನಿಮ್ಮ ತಂದೆಯನ್ನು ನೋಡಿರದ ಎಂಟು ಜನ ಸ್ನೇಹಿತರಿಗೆ ಕಳಿಸಿ, ನಾಲ್ಕು ಜನಕ್ಕೆ ಒಂದು, ಉಳಿದ ನಾಲ್ವರಿಗೆ ಇನ್ನೊಂದು. ಒಬ್ಬರಿಗೇ ಎರಡನ್ನೂ ಕಳಿಸಿದರೆ ವ್ಯತ್ಯಾಸ ಹುಡುಕಲು ಕೂರುತ್ತಾರೆ, ಪರೀಕ್ಷೆ ಕೆಡುತ್ತದೆ. 'ಇವರು ಹೇಗಿದ್ದಾರೆ ಅನ್ನಿಸುತ್ತದೆ, ಒಂದೇ ಮಾತಿನಲ್ಲಿ ಹೇಳಿ' ಅಂತಷ್ಟೇ ಕೇಳಿ. ಯಾರದು, ಯಾಕೆ ಎಂಬ ಮಾತು ಬೇಡ.

ಎರಡೂ ಗುಂಪಿನಿಂದ ಹೆಚ್ಚುಕಡಿಮೆ ಒಂದೇ ಥರದ ಮಾತು ಬಂದರೆ ಮುಖ ಬದಲಾಗಿಲ್ಲ, ಸುತ್ತಲಿನದು ಬದಲಾಗಿದೆ ಎಂದರ್ಥ. ಗೋಡೆಯ ಫೋಟೋಗೆ ಮಾತ್ರ 'ಸಿಟ್ಟು', 'ಬೇಸರ' ಅಂತ ಬಂದರೆ ಸ್ಟುಡಿಯೋದಲ್ಲಿ ಏನೋ ಆಗಿದೆ. ಎರಡೂ ಬೆರೆತಿರುವುದೇ ಹೆಚ್ಚು.

ಸ್ಟುಡಿಯೋದಿಂದಲೇ ಶುರು ಮಾಡೋಣ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು 'ವಾಟ್ಸಾಪ್' ಎಂಬ ಮಾತು. ಮಾಮೂಲಿಯಾಗಿ ಕಳಿಸಿದ ಫೋಟೋವನ್ನು ವಾಟ್ಸಾಪ್ ಕುಗ್ಗಿಸುತ್ತದೆ, ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಗ್ರೂಪ್‌ನಲ್ಲಿ ಅಪ್ಪನ ತಲೆ-ಭುಜ ಫೋಟೋದ ಅಗಲದ ಎಂಟನೇ ಒಂದು ಭಾಗ ಇದ್ದರೆ ಸ್ಟುಡಿಯೋಗೆ ಸಿಕ್ಕಿದ್ದು 200 ಪಿಕ್ಸೆಲ್. ಮುಖ ಅದರ ಅರ್ಧಕ್ಕಿಂತ ಕಡಿಮೆ. ಅದನ್ನು 12 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 17 ಪಿಕ್ಸೆಲ್ ಬರುತ್ತದೆ, ಚೆನ್ನಾಗಿ ಕಾಣುವ ಪ್ರಿಂಟಿಗೆ 150 ಆದರೂ ಬೇಕು. ಈ ಕೊರತೆಯನ್ನು ಈಗೀಗ ಎಐ ಸಾಫ್ಟ್‌ವೇರ್ ತುಂಬುತ್ತದೆ. ಅದು ನಿಮ್ಮ ಅಪ್ಪನ ರೆಪ್ಪೆ, ತುಟಿಯ ಅಂಚು, ಹುಬ್ಬಿನ ಕೂದಲನ್ನು ಎಲ್ಲಿಂದಲೂ ಹುಡುಕಿ ತರುವುದಿಲ್ಲ, 'ಇಂಥ ಮುಖಕ್ಕೆ ಇಂಥ ಕಣ್ಣು ಇರಬಹುದು' ಎಂದು ಊಹಿಸಿ ಬರೆಯುತ್ತದೆ. ತುಟಿಯ ಕೊನೆ ಒಂದು ಮಿಲಿಮೀಟರ್ ಕೆಳಗಿಳಿದರೂ ಅರೆನಗು ಅಳಿಸಿಹೋಗುತ್ತದೆ.

ಎರಡನೆಯದು ಟಚಪ್. ಮನಸಾರೆ ನಕ್ಕಾಗ ಕಣ್ಣಿನ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಣ್ಣಿನ ಹೊರತುದಿಯಲ್ಲಿ ಸಣ್ಣ ಗೆರೆಗಳು ಮೂಡುತ್ತವೆ, ಕೆಳರೆಪ್ಪೆ ತುಸು ಉಬ್ಬುತ್ತದೆ. ನಗು ನಿಜವೋ ಶಾಸ್ತ್ರಕ್ಕೋ ಎಂದು ತಿಳಿಯಲು ನಮ್ಮ ಕಣ್ಣು ಹುಡುಕುವುದು ಇದನ್ನೇ. ಸ್ಟುಡಿಯೋದಲ್ಲಿ 'ಸ್ಮೂತ್' ಮಾಡುವಾಗ ಮೊದಲು ಅಳಿಸುವುದೂ ಇದನ್ನೇ, ವಯಸ್ಸಾದ ಗೆರೆ ಅಂದುಕೊಂಡು. ಬಾಯಿ ನಗುತ್ತಿದೆ, ಕಣ್ಣು ನಗುತ್ತಿಲ್ಲ. ಅಂಥ ಮುಖ 'ಏನೋ ಮನಸ್ಸಲ್ಲಿಟ್ಟುಕೊಂಡಂತೆ' ಕಾಣುತ್ತದೆ. ಸ್ಟುಡಿಯೋದವರ ಉದ್ದೇಶ ಒಳ್ಳೆಯದೇ ಇರುತ್ತದೆ, ಗಿರಾಕಿಗಳೂ ಮುಖ ಫ್ರೆಶ್ ಮಾಡಿ ಅಂತಲೇ ಕೇಳುತ್ತಾರೆ. ಆದರೂ ತೀರಿಕೊಂಡವರ ಫೋಟೋದಲ್ಲಿ ಗೆರೆ ಅಳಿಸುವುದು ದೊಡ್ಡ ನಷ್ಟ ಎಂದೇ ನನ್ನ ಅಭಿಪ್ರಾಯ.

ಮೂರನೆಯದು ಎಳೆಯುವುದು. ಕತ್ತರಿಸಿದ ತುಂಡು ಫ್ರೇಮಿನ ಆಕಾರಕ್ಕೆ ಹೊಂದದಿದ್ದಾಗ ಉದ್ದಕ್ಕೋ ಅಗಲಕ್ಕೋ ಸ್ವಲ್ಪ ಎಳೆದು ಕೂರಿಸುವುದುಂಟು. 2009ರಲ್ಲಿ ಅಮೆರಿಕದ ನೆತ್ ಮತ್ತು ಮಾರ್ಟಿನೆಜ್ ಎಂಬ ಸಂಶೋಧಕರು ಯಾವ ಭಾವವೂ ಇಲ್ಲದ ಮುಖಗಳಲ್ಲಿ ಕಣ್ಣಿಗೂ ಬಾಯಿಗೂ ಇರುವ ದೂರವನ್ನಷ್ಟೇ ಬದಲಿಸಿ ನೋಡಿದರು. ದೂರ ಹೆಚ್ಚಾದಾಗ ಜನಕ್ಕೆ ಮುಖ ದುಃಖದಲ್ಲಿರುವಂತೆ, ಕಡಿಮೆಯಾದಾಗ ಸಿಟ್ಟಿನಲ್ಲಿರುವಂತೆ ಕಂಡಿತು. ಸ್ನಾಯು ಒಂದೂ ಅಲುಗಿರಲಿಲ್ಲ. ನಿಮ್ಮ ಫೋಟೋದಲ್ಲಿ ಹೀಗಾಗಿದೆಯೇ ಎಂದು ಸ್ಕೇಲ್ ಹಿಡಿದು ನೋಡಬಹುದು. ಎರಡು ಕಣ್ಣುಪಾಪೆಗಳ ನಡುವಿನ ದೂರ ಅಳೆಯಿರಿ. ಆಮೇಲೆ ಕಣ್ಣುಗಳ ಮಟ್ಟದಿಂದ ತುಟಿಗಳು ಕೂಡುವ ಗೆರೆಯವರೆಗಿನ ದೂರ ಅಳೆಯಿರಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಇದೇ ಲೆಕ್ಕ ಮದುವೆ ಫೋಟೋದಲ್ಲೂ ಮಾಡಿ. ಒಂದೇ ಮುಖವಾದ್ದರಿಂದ ಉತ್ತರ ಒಂದೇ ಬರಬೇಕು. ಅಲ್ಲಿ 1.05, ಇಲ್ಲಿ 1.15 ಬಂದರೆ ಮುಖವನ್ನು ಉದ್ದಕ್ಕೆ ಹತ್ತಿರ ಹತ್ತು ಶೇಕಡಾ ಎಳೆದಿದ್ದಾರೆ. ಎರಡು-ಮೂರು ಶೇಕಡಾ ವ್ಯತ್ಯಾಸವಾದರೆ ಬಿಡಿ, ಅಳೆಯುವಾಗಲೇ ಅಷ್ಟು ತಪ್ಪುತ್ತದೆ.

ಇನ್ನೊಂದನ್ನೂ ನೋಡಿ: ಮದುವೆ ಫೋಟೋದಲ್ಲಿ ಅಪ್ಪ ತಲೆ ತುಸು ಬಗ್ಗಿಸಿದ್ದರೇ? ತಲೆ ಸ್ವಲ್ಪ ಕೆಳಕ್ಕೆ ಬಾಗಿದರೆ ಹುಬ್ಬುಗಳು ಮೂಗಿನ ಕಡೆ ಇಳಿದಂತೆ ಕಂಡು ಮುಖ ಗಂಟಿಕ್ಕಿದಂತಾಗುತ್ತದೆ. ಪಕ್ಕದಲ್ಲಿ ಮೊಮ್ಮಗಳು ಇದ್ದಾಗ 'ಅವಳ ಕಡೆ ಬಾಗಿದ್ದಾರೆ' ಎಂದು ಕಣ್ಣಿಗೆ ತಾನಾಗಿ ಹೊಳೆಯುತ್ತದೆ. ಮೊಮ್ಮಗಳನ್ನು ಕತ್ತರಿಸಿ ತೆಗೆದ ಮೇಲೆ ಬಾಗಿದ್ದಕ್ಕೆ ಕಾರಣವೇ ಇಲ್ಲ.

ಇಲ್ಲಿಂದ ನಿಜವಾದ ವಿಷಯಕ್ಕೆ ಬರೋಣ. 1920ರ ಆಸುಪಾಸಿನಲ್ಲಿ ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದರು. ಇವಾನ್ ಮೊಝೂಖಿನ್ ಎಂಬ ನಟನ ಭಾವರಹಿತ ಮುಖದ ಒಂದೇ ತುಣುಕನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ ಜೋಡಿಸಿದರು. ನೋಡಿದವರು ಒಂದರಲ್ಲಿ ಗಾಢ ಯೋಚನೆಯನ್ನೂ ಇನ್ನೊಂದರಲ್ಲಿ ದುಃಖವನ್ನೂ ಕಂಡು ನಟನನ್ನು ಹೊಗಳಿದರು ಎಂದು ಕುಲೆಶೋವ್ ಬಳಗದವರೇ ಆದ ಪುದೋವ್ಕಿನ್ ಹೇಳಿದ್ದಾರೆ. ಆ ಫಿಲ್ಮ್ ಉಳಿದಿಲ್ಲ, ಪ್ರಯೋಗದ ಲೆಕ್ಕಪತ್ರವೂ ಇಲ್ಲ. ಅದಕ್ಕೇ ಈ ಕತೆಯನ್ನು ಪೂರ್ತಿ ನಂಬಿ ಅಂತ ನಾನು ಹೇಳುವುದಿಲ್ಲ. 1992ರಲ್ಲಿ ಅಮೆರಿಕದಲ್ಲಿ ಮತ್ತೆ ಮಾಡಿದಾಗ ಅಂಥ ಪರಿಣಾಮ ಕಾಣಲಿಲ್ಲ. 2006ರಲ್ಲಿ ಲಂಡನ್ನಿನಲ್ಲಿ, 2016ರಲ್ಲಿ ಸ್ವೀಡನ್ನಿನಲ್ಲಿ ಇನ್ನಷ್ಟು ಬಿಗಿಯಾಗಿ ಮಾಡಿದಾಗ ಕಂಡಿತು, ಪುದೋವ್ಕಿನ್ ಹೇಳಿದಷ್ಟು ನಾಟಕೀಯವಾಗಿ ಅಲ್ಲದಿದ್ದರೂ.

ಬಾಯಿ ತುಂಬ ನಗುತ್ತಿರುವ ಮುಖವನ್ನು ಎಲ್ಲಿಟ್ಟರೂ ನಗುವಾಗಿಯೇ ಕಾಣುತ್ತದೆ. ಮಸುಕಾದ, ಅರೆಬರೆ ಭಾವದ ಮುಖವೇ ಸುತ್ತಲಿನದಕ್ಕೆ ಬೇಗ ಸೋಲುವುದು. ಮದುವೆಯ ಗ್ರೂಪ್ ಫೋಟೋಗಳಲ್ಲಿ ಹಿರಿಯರ ಮುಖ ಬಹುತೇಕ ಹೀಗೇ ಇರುತ್ತದೆ. ಬೆಳಗಿನಿಂದ ನಿಂತು ಸುಸ್ತಾಗಿರುತ್ತಾರೆ, ಹತ್ತನೇ ಗ್ರೂಪಿಗೆ ನಗು ಅರ್ಧಕ್ಕೆ ಇಳಿದಿರುತ್ತದೆ. ಆ ಅರ್ಧ ನಗುವನ್ನು ಪೂರ್ತಿ ಮಾಡುತ್ತಿದ್ದದ್ದು ಪಕ್ಕದ ಮುಖಗಳು, ಚಪ್ಪರದ ಹೂವು, ಜರಿ ಸೀರೆ. 2008ರಲ್ಲಿ ಮಸುದಾ ಮತ್ತು ಸಂಗಡಿಗರು ಜಪಾನಿನವರಿಗೂ ಅಮೆರಿಕದವರಿಗೂ ಇಂಥದೇ ಚಿತ್ರಗಳನ್ನು ತೋರಿಸಿದರು: ನಡುವೆ ಒಬ್ಬ, ಸುತ್ತ ನಾಲ್ವರು. ನಡುವಿನವನ ಮುಖವನ್ನಷ್ಟೇ ನೋಡಿ ಹೇಳಿ ಎಂದರೂ ಜಪಾನಿನವರ ಉತ್ತರ ಸುತ್ತಲಿನವರ ಮುಖಭಾವಕ್ಕೆ ತಕ್ಕಂತೆ ಬದಲಾಯಿತು, ಅಮೆರಿಕದವರದು ಅಷ್ಟಾಗಿ ಬದಲಾಗಲಿಲ್ಲ.

ಮುಖವೇ ಎಲ್ಲ ಹೇಳುತ್ತದೆ ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಕೊಟ್ಟದ್ದು 2012ರ ಅವೀಜರ್, ಟ್ರೋಪ್, ತೊದೊರೊವ್ ಅವರ ಅಧ್ಯಯನ. ಟೆನಿಸ್ ಆಟಗಾರರು ಮುಖ್ಯವಾದ ಪಾಯಿಂಟ್ ಗೆದ್ದ, ಸೋತ ಕ್ಷಣದ ಫೋಟೋಗಳಲ್ಲಿ ಮುಖ ಮಾತ್ರ ತೋರಿಸಿದಾಗ ಗೆದ್ದವರಾರು ಸೋತವರಾರು ಎಂದು ಜನಕ್ಕೆ ಗೊತ್ತಾಗಲಿಲ್ಲ. ದೇಹ ಮಾತ್ರ ತೋರಿಸಿದಾಗ ಗೊತ್ತಾಯಿತು. ನಮ್ಮ ಅಲಂಕಾರಶಾಸ್ತ್ರ ಈ ಮಾತನ್ನು ಬಹಳ ಹಿಂದೆಯೇ ತನ್ನ ರೀತಿಯಲ್ಲಿ ಹೇಳಿಟ್ಟಿದೆ: ಮುಖದ ಅಭಿನಯವೊಂದರಿಂದಲೇ ರಸ ಹುಟ್ಟುವುದಿಲ್ಲ, ಬೆಳದಿಂಗಳು, ಉದ್ಯಾನ, ಏಕಾಂತದಂಥ ಉದ್ದೀಪನ ವಿಭಾವವೂ, ಅಂದರೆ ಭಾವವನ್ನು ಕೆರಳಿಸುವ ಸುತ್ತಲಿನ ಸಂಗತಿಯೂ ಬೇಕು. ನಿಮ್ಮ ನಡುಮನೆಯಲ್ಲಿ ಗಾಢ ನೀಲಿ, ಗಂಧದ ಹಾರ, ಕೆಂಪು ಬಲ್ಬು ಆ ಕೆಲಸ ಮಾಡುತ್ತಿವೆ. ನೋಡುವವರ ದುಃಖವೂ ಜೊತೆಗೂಡುತ್ತದೆ. ಮನಸ್ಸು ಕುಗ್ಗಿದಾಗ ಭಾವವಿಲ್ಲದ ಮುಖವೂ ಬೇಸರದ ಮುಖವಾಗಿ ಕಾಣುವುದು ಮನೋವಿಜ್ಞಾನದಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ತೋಟ ಮಾರಿದ ಸಂಕಟ ಇಲ್ಲದಿದ್ದರೆ ಅಮ್ಮನಿಗೆ ಈ ಮುಖ ಬರೀ ಗಂಭೀರವಾಗಿ ಕಾಣುತ್ತಿತ್ತೋ ಏನೋ.

ಎಲ್ಲಿ ನಿಂತರೂ ನನ್ನನ್ನೇ ನೋಡುತ್ತಾರೆ ಅಂದಿರಿ. ಇದಕ್ಕೆ ನೇರ ಉತ್ತರವಿದೆ: ಕ್ಯಾಮೆರಾ ಕಡೆ ನೋಡಿದ ಯಾವ ಫೋಟೋ ಆದರೂ ಹಾಗೇ. ಫೋಟೋ ಚಪ್ಪಟೆ. ನೀವು ಪಕ್ಕಕ್ಕೆ ಸರಿದರೂ ಕಣ್ಣುಪಾಪೆ ಕಣ್ಣಿನ ನಡುವೆಯೇ ಉಳಿಯುತ್ತದೆ, ಮೂಗಿನ ಇನ್ನೊಂದು ಬದಿ ಕಾಣಿಸಿಕೊಳ್ಳುವುದಿಲ್ಲ. ಹಾಗಾಗಿ ದೃಷ್ಟಿಯೂ ಸರಿದಂತೆ ತೋರುತ್ತದೆ. ಮದುವೆ ಫೋಟೋದಲ್ಲೂ ಅವರು ನಿಮ್ಮನ್ನೇ ನೋಡುತ್ತಿದ್ದರು, ಅಲ್ಲಿ ಇನ್ನೂ ಹತ್ತು ಮುಖ ಇದ್ದವು, ನೀವು ಗಮನಿಸಲಿಲ್ಲ.

ಸಂಜೆ ಹೆಚ್ಚಾಗುವುದಕ್ಕೂ ಕಾರಣ ಉಂಟು. ಮಂದ ಬೆಳಕಿನಲ್ಲಿ ಒಂದೇ ಕಡೆ ದಿಟ್ಟಿಸುತ್ತಾ ಕೂತರೆ ನೋಟದ ಅಂಚಿನ ವಿವರಗಳು ಕರಗುತ್ತವೆ. 1804ರಲ್ಲೇ ಸ್ವಿಟ್ಜರ್ಲೆಂಡಿನ ವೈದ್ಯ ಟ್ರೋಕ್ಸ್ಲರ್ ಇದನ್ನು ಬರೆದಿಟ್ಟಿದ್ದಾನೆ. ಇಟಲಿಯ ಸಂಶೋಧಕ ಕಪೂಟೊ 2010ರಲ್ಲಿ 50 ಜನರನ್ನು ಮಂದ ಬೆಳಕಿನಲ್ಲಿ ಹತ್ತು ನಿಮಿಷ ಕನ್ನಡಿ ಮುಂದೆ ಕೂರಿಸಿದರು, ಮೂರರಲ್ಲಿ ಎರಡು ಪಾಲು ಜನಕ್ಕೆ ಸ್ವಂತ ಮುಖವೇ ವಿಕಾರವಾಗಿ ಬದಲಾದಂತೆ ಕಂಡಿತು. ಅವರೆಲ್ಲ ಆರೋಗ್ಯವಂತರೇ. ಕೆಂಪು ಬಲ್ಬಿನ ಬೆಳಕಲ್ಲಿ ಅಮ್ಮ ಅರ್ಧ ಗಂಟೆ ಫೋಟೋ ನೋಡುತ್ತಾ ಕೂತರೆ ಮುಖ ಅಲುಗಿದಂತೆ, ಗಂಟಿಕ್ಕಿದಂತೆ ಕಂಡರೆ ಭಯಪಡಬೇಡಿ.

ಈಗ ಏನು ಮಾಡಬಹುದು.

ಮೊದಲು ಫೋಟೋ ಮುಟ್ಟದೆ ಸುತ್ತಲಿನದನ್ನು ಬದಲಿಸಿ. ಕೆಂಪು ಬಲ್ಬು ತೆಗೆದು ಹಳದಿ ಛಾಯೆಯ ಎಲ್‌ಇಡಿ ಹಾಕಿ, ಡಬ್ಬಿಯ ಮೇಲೆ 2700 ಅಥವಾ 3000 ಕೆ ಎಂದಿರುತ್ತದೆ. ಬೆಳಕು ಮೇಲಿನಿಂದ ಓರೆಯಾಗಿ ಬರಲಿ, ಎದುರಿನಿಂದ ಬಂದರೆ ಗಾಜಿನಲ್ಲಿ ಹೊಳಪು ಬಿದ್ದು ಒಂದು ಕಣ್ಣು ಮುಚ್ಚಿದಂತಾಗುತ್ತದೆ. ಹಾರ ಗದ್ದವನ್ನೋ ಕೆನ್ನೆಯನ್ನೋ ಮರೆಮಾಡದಂತೆ ಫ್ರೇಮಿನ ಹೊರ ಅಂಚಿಗೆ ಸರಿಸಿ. ಅಮ್ಮ ನೆಲದ ಮೇಲೆ ಕೂತು ನೋಡುವವರಾದರೆ ಫ್ರೇಮ್ ಏಳಡಿ ಎತ್ತರದಲ್ಲಿರುವುದು ಬೇಡ. ತೀರ ಕೆಳಗಿನಿಂದ ನೋಡಿದಾಗ ಮುಖ ಮೇಲೆ-ಕೆಳಗೆ ಕುಗ್ಗಿ ಕಾಣುತ್ತದೆ, ಮೆದುಳು ಅದನ್ನು ಸರಿದೂಗಿಸುವುದು ಪೂರ್ತಿಯಾಗಿ ಅಲ್ಲ. ಒಂದು ಅಡಿ ಇಳಿಸಿ, ಇಲ್ಲವೇ ಮೇಲಿನ ಅಂಚು ಮುಂದಕ್ಕೆ ಬಾಗುವಂತೆ ಕಟ್ಟಿ. ಕೊನೆಗೆ, ಅದೇ ಮದುವೆಯ ಪೂರ್ತಿ ಗ್ರೂಪ್ ಫೋಟೋವನ್ನು ಪ್ರಿಂಟ್ ಹಾಕಿಸಿ ಪಕ್ಕದಲ್ಲೇ ಇಡಿ. ಕಳೆದುಹೋದ ಸಂದರ್ಭ ಹಿಂದಿರುಗಿ ಬರಲು ಇದಕ್ಕಿಂತ ಸುಲಭದ ದಾರಿ ನನಗೆ ತಿಳಿದಿಲ್ಲ. ಪ್ರಿಂಟಿನಲ್ಲೇ ಮುಖ ಬದಲಾಗಿದ್ದರೆ ಮಾತ್ರ ಇಷ್ಟರಿಂದ ಸಾಲದು.

ಹಾಗಾಗಿದ್ದರೆ ಮದುವೆಯ ಫೋಟೋಗ್ರಾಫರ್ ಹತ್ತಿರ ಮೂಲ ಫೈಲ್ ಕೇಳಿ. ಪೆನ್ ಡ್ರೈವ್‌ನಲ್ಲಿ ತನ್ನಿ, ವಾಟ್ಸಾಪ್‌ನಲ್ಲೇ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮೂಲದಲ್ಲಿ ಅಗಲ 6000 ಪಿಕ್ಸೆಲ್ ಇದ್ದರೆ ಅಪ್ಪನ ಪಾಲಿಗೆ 750 ಸಿಗುತ್ತದೆ, ಅದು 5×7 ಇಂಚಿಗೆ ಸರಿ. ಹಾಗಾಗಿ 5×7ರಲ್ಲೇ ಪ್ರಿಂಟ್ ಹಾಕಿಸಿ, ಅಗಲವಾದ ಕೆನೆಬಣ್ಣದ ಮೌಂಟ್ ಬೋರ್ಡ್ ಕೊಟ್ಟು ಈಗಿರುವ 12×15 ಫ್ರೇಮಿಗೇ ಕೂರಿಸಿ. ಸ್ಟುಡಿಯೋಗೆ ಹೇಳಬೇಕಾದದ್ದು: ಹಿನ್ನೆಲೆ ತೆಗೆಯಬೇಡಿ, ಚಪ್ಪರದ ಬಣ್ಣ ಮಸುಕಾಗಿ ಉಳಿಯಲಿ, ಪಕ್ಕದವರ ಭುಜ ಸ್ವಲ್ಪ ಕಂಡರೆ ಪರವಾಗಿಲ್ಲ, ಕಣ್ಣಿನ ಸುತ್ತ ಮುಟ್ಟಬೇಡಿ, ಕೋಟು ತೊಡಿಸಬೇಡಿ, ಅಳತೆ ಹೊಂದದಿದ್ದರೆ ಕತ್ತರಿಸಿ, ಎಳೆಯಬೇಡಿ. ಅಪಾಯ ಏನೆಂದರೆ ಫೋಟೋ ಸಣ್ಣದಾಯಿತು ಎಂದು ನೆಂಟರು ಅನ್ನಬಹುದು.

ಬೇರೆ ಫೋಟೋ ಹುಡುಕುವುದು ಮೂರನೇ ದಾರಿ. ತೋಟದಲ್ಲಿ, ಜಗಲಿಯಲ್ಲಿ, ಯಾರ ಜೊತೆಗೋ ಮಾತಾಡುತ್ತಿದ್ದಾಗ ತೆಗೆದದ್ದು ಇದ್ದರೆ ಗ್ರೂಪ್ ಫೋಟೋಗಿಂತ ಒಳ್ಳೆಯದು. ಆದರೆ ನಾಲ್ಕೈದು ಫೋಟೋ ತಂದು ಅಮ್ಮನ ಮುಂದೆ ಹರಡಿ ಇವತ್ತೇ ಆರಿಸು ಅನ್ನಬೇಡಿ. ಅದು ಅವರಿಗೆ ಗಂಡನನ್ನು ಮತ್ತೊಮ್ಮೆ ಗೋಡೆಯಿಂದ ಇಳಿಸಿದಂತೆ.

ಆ್ಯಪ್‌ನಲ್ಲಿ ನಗು ಹಾಕಿಸುವುದು, ಫೋಟೋ ಕಣ್ಣು ಮಿಟುಕಿಸುವಂತೆ ಮಾಡುವುದು ದಯವಿಟ್ಟು ಬೇಡ. ಐವತ್ತು ವರ್ಷ ಜೊತೆಗಿದ್ದವರಿಗೆ ಆ ನಗು ಬೇರೆಯವರದ್ದು ಎಂದು ತಕ್ಷಣ ತಿಳಿಯುತ್ತದೆ. ಇನ್ನೂ ದೊಡ್ಡ ತೊಂದರೆ ನೆನಪಿಗೆ ಆಗುವುದು. 2002ರಲ್ಲಿ ವೇಡ್ ಮತ್ತು ಸಂಗಡಿಗರು 20 ಜನಕ್ಕೆ, ಅವರು ಚಿಕ್ಕಂದಿನಲ್ಲಿ ಬಿಸಿಗಾಳಿ ಬಲೂನಿನಲ್ಲಿ ಕೂತಂತೆ ತಿದ್ದಿದ ಫೋಟೋ ತೋರಿಸಿದರು. ಅರ್ಧದಷ್ಟು ಜನ ನಡೆಯದ ಆ ಪ್ರಯಾಣವನ್ನು ಪೂರ್ತಿಯೋ ಅಷ್ಟಿಷ್ಟೋ 'ನೆನಪಿಸಿಕೊಂಡರು'. ಮೊಮ್ಮಕ್ಕಳಿಗೆ ಉಳಿಯಬೇಕಾದ್ದು ನಿಮ್ಮ ಅಪ್ಪನದೇ ನಗು.

ಶಾಂತಿಯ ವಿಚಾರ. ಮನೆಯ ಪದ್ಧತಿಯಂತೆ ಪೂಜೆಯಿಂದ ಅಮ್ಮನಿಗೆ ನೆಮ್ಮದಿ ಸಿಗುವುದಾದರೆ ಕೈಲಾದಷ್ಟರಲ್ಲಿ ಮಾಡಿಸಿ, ಅದು ನಿಮ್ಮ ಮನೆಯ ತೀರ್ಮಾನ. ಫೋಟೋದ ಮುಖ ನೋಡಿ ತೀರಿಕೊಂಡವರ ಮುನಿಸು ಹೇಳುತ್ತೇನೆ ಎಂಬವರಿಗೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ. ಜೀವಂತ ಮನುಷ್ಯನ ಮುಖವನ್ನೇ ಸಂದರ್ಭ ತಿಳಿಯದೆ ಓದಲಾಗದು ಎಂದು ಮೇಲೆ ನೋಡಿದಿರಿ. ಸಾಲಕ್ಕಾಗಿ ತೋಟ ಮಾರಿದ ಮನೆಗೆ ಇದು ಇನ್ನೊಂದು ಸಾಲ.

ಅಮ್ಮನ ಜೊತೆ ವಾದಕ್ಕೆ ಇಳಿಯಬೇಡಿ. 'ಅದೆಲ್ಲ ನಿನ್ನ ಭ್ರಮೆ' ಅಂದರೆ ಅವರು ಸುಮ್ಮನಾಗುತ್ತಾರೆ, ಕಾಣುವುದು ನಿಲ್ಲುವುದಿಲ್ಲ. 'ನನಗೂ ಹಾಗೇ ಕಾಣ್ತಿದೆ ಅಮ್ಮ, ಸ್ಟುಡಿಯೋದವರು ಕಣ್ಣಿನ ಗೆರೆ ಅಳಿಸಿಬಿಟ್ಟಿದ್ದಾರೆ' ಎನ್ನಬಹುದು, ನಿಮ್ಮ ಪರೀಕ್ಷೆಯಲ್ಲಿ ಅದು ನಿಜವೆಂದು ಕಂಡಿದ್ದರೆ ಮಾತ್ರ. ತೋಟದ ಮಾತನ್ನು ಬೇರೆಯಾಗಿ, ಫೋಟೋ ಇಲ್ಲದ ಜಾಗದಲ್ಲಿ ಕೂತು ಆಡಿ: ಸಾಲ ಎಷ್ಟಿತ್ತು, ಬಡ್ಡಿ ಎಷ್ಟು ಬೆಳೆಯುತ್ತಿತ್ತು, ಉಳಿದದ್ದೆಷ್ಟು. ಅವರಿಗೆ ಲೆಕ್ಕ ಹೇಳಿದವರೇ ಇಲ್ಲದಿರಬಹುದು.

ತೀರಿಕೊಂಡವರು ಕಂಡಂತೆ, ಇದ್ದಂತೆ ಅನ್ನಿಸುವುದು ಅಪರೂಪವಲ್ಲ. ವೇಲ್ಸ್‌ನ ವೈದ್ಯ ರೀಸ್ 1971ರಲ್ಲಿ ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿದಾಗ ಹತ್ತಿರ ಅರ್ಧದಷ್ಟು ಜನ ಅಂಥ ಅನುಭವ ಹೇಳಿದರು, ಅನೇಕರಿಗೆ ಅದು ಸಮಾಧಾನವನ್ನೇ ಕೊಟ್ಟಿತ್ತು. ಆದರೆ ಅಮ್ಮ ಊಟ-ನಿದ್ದೆ ಬಿಟ್ಟಿದ್ದರೆ, ಮನೆಯಿಂದ ಹೊರಗೆ ಹೋಗದಿದ್ದರೆ, 'ನಾನೂ ಅವರ ಹತ್ತಿರ ಹೋಗ್ತೀನಿ' ಎಂಬ ಮಾತು ಬಂದರೆ ಫೋಟೋ ಬದಲಾಗಲಿ ಎಂದು ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಸಿಗುತ್ತಾರೆ. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಆರು ತಿಂಗಳು ದಾಟಿಯೂ ದಿನದ ಬದುಕು ನಿಂತೇ ಹೋಗಿದ್ದರೆ ಅದಕ್ಕೆ ಚಿಕಿತ್ಸೆ ಇದೆ.

ಬಲ್ಬು ಇವತ್ತೇ ಬದಲಿಸಿ. ಗ್ರೂಪ್ ಫೋಟೋ ಒಂದು ವಾರ ಪಕ್ಕದಲ್ಲಿರಲಿ, ಅದರ ಬಗ್ಗೆ ನೀವಾಗಿ ಏನೂ ಹೇಳಬೇಡಿ. ಅಮ್ಮ ಅದನ್ನು ಕೈಗೆತ್ತಿಕೊಂಡು 'ಅವತ್ತು ಎಷ್ಟು ಹೊತ್ತು ನಿಂತಿದ್ರು ಗೊತ್ತಾ' ಎಂದೇನಾದರೂ ಶುರು ಮಾಡಿದರೆ ಕೂತು ಕೇಳಿ. ದೊಡ್ಡ ಫ್ರೇಮ್ ಬದಲಿಸುವ ಮಾತು ಅದಾದ ಮೇಲೆ ಎತ್ತಬಹುದು. ಹಳೆಯದನ್ನು ಎಸೆಯದೆ ಬಟ್ಟೆ ಸುತ್ತಿ ಬೀರುವಿನಲ್ಲಿಡಿ, ಅಮ್ಮನಿಗೆ ಅದು ಎಲ್ಲಿದೆ ಎಂದು ಗೊತ್ತಿರಲಿ.